ಎಚ್‌ಸಿಜಿ ಸೊನ್ನೆಗಿಳಿಯುವವರೆಗೆ

ಮುಟ್ಟು ನಿಂತು ಹತ್ತು ವಾರ. ಮನೆಯಲ್ಲಿ ಮಾಡಿಕೊಂಡ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದ್ದವು, ನೆಂಟರಿಗೆಲ್ಲ ಸುದ್ದಿ ಹೋಗಿದೆ. ಆದರೆ ವಾಂತಿ ಮಿತಿ ಮೀರಿದೆ. ಲೆಕ್ಕದ ತಿಂಗಳಿಗಿಂತ ಹೊಟ್ಟೆ ದೊಡ್ಡದಾಗಿದೆ, ನಡುನಡುವೆ ಕಂದು ಬಣ್ಣದ ಸ್ರಾವ. ಸ್ಕ್ಯಾನ್ ಮಾಡುವ ವೈದ್ಯರು ಮಗುವಿನ ಎದೆಬಡಿತವನ್ನು ಹುಡುಕುತ್ತಾರೆ. ಎದೆಬಡಿತವಿಲ್ಲ, ಮಗುವೂ ಇಲ್ಲ. ಗರ್ಭಕೋಶದ ತುಂಬ ಬಿಳಿಯ ರಾಶಿ, ಅದರೊಳಗೆಲ್ಲ ಸಣ್ಣ ಸಣ್ಣ ಕಪ್ಪು ಗುಳ್ಳೆಗಳು. ರಕ್ತದಲ್ಲಿ ಬೀಟಾ ಎಚ್‌ಸಿಜಿ ಎಂಬ ಬಸಿರಿನ ಹಾರ್ಮೋನು ಎರಡು ಲಕ್ಷ ದಾಟಿದೆ. ವೈದ್ಯರು ‘ಮೋಲಾರ್ ಪ್ರೆಗ್ನೆನ್ಸಿ’ ಅನ್ನುತ್ತಾರೆ, ಕ್ಲೀನ್ ಮಾಡಬೇಕು ಅನ್ನುತ್ತಾರೆ, ಆಮೇಲೆ ವಾರವಾರವೂ ರಕ್ತ ಪರೀಕ್ಷೆಗೆ ಬರಬೇಕು ಅನ್ನುತ್ತಾರೆ. ಮೊದಲ ಎರಡು ಮಾತು ಹೇಗೋ ತಲೆಗೆ ಹೋಗುತ್ತವೆ. ಮೂರನೆಯದು ಹೋಗುವುದಿಲ್ಲ. ಮಗುವೇ ಇಲ್ಲದ ಮೇಲೆ, ಎಲ್ಲ ತೆಗೆದು ಹಾಕಿದ ಮೇಲೆ, ಪರೀಕ್ಷೆ ಏತಕ್ಕೆ?

ಆ ಪ್ರಶ್ನೆಗೆ ಉತ್ತರ ಮಾಸಿನ ಸ್ವಭಾವದಲ್ಲಿದೆ. ಮಾಸು ಎಂದರೆ ನಮಗೆ ಹೆರಿಗೆಯ ಕೊನೆಗೆ ಬೀಳುವ, ಹಿತ್ತಿಲಲ್ಲಿ ಗುಂಡಿ ತೋಡಿ ಹೂಳುವ ವಸ್ತು. ಅದು ತಾಯಿಯ ಅಂಗವೆಂದೇ ಹಲವರ ನಂಬಿಕೆ. ವಾಸ್ತವದಲ್ಲಿ ಅದರ ಬಹುಭಾಗ ಮಗುವಿನದು, ಅಂದರೆ ಅರ್ಧ ತಂದೆಯದು. ಅಂಡಾಣು ಫಲಿತಗೊಂಡು ಐದಾರು ದಿನವಾಗುವ ಹೊತ್ತಿಗೆ ಅದರ ಹೊರಪದರದ ಜೀವಕೋಶಗಳು ಮಗುವಾಗುವ ಕೆಲಸ ಬಿಟ್ಟು ಬೇರೆ ಕಸುಬು ಹಿಡಿದಿರುತ್ತವೆ. ಟ್ರೋಫೋಬ್ಲಾಸ್ಟ್ ಎಂದು ಇವುಗಳ ಹೆಸರು. ಇವು ಗರ್ಭಕೋಶದ ಗೋಡೆಯನ್ನು ಕೊರೆದು ಒಳಗೆ ಹೋಗುತ್ತವೆ, ತಾಯಿಯ ರಕ್ತನಾಳಗಳ ಗೋಡೆಯನ್ನು ಕರಗಿಸಿ ಆ ಜಾಗದಲ್ಲಿ ತಾವೇ ಕೂರುತ್ತವೆ, ರಕ್ತ ತಮ್ಮ ಕಡೆಗೆ ಧಾರಾಳವಾಗಿ ಹರಿಯುವಂತೆ ಮಾಡಿಕೊಳ್ಳುತ್ತವೆ. ಅರ್ಧ ಪರಕೀಯವಾಗಿದ್ದರೂ ತಾಯಿಯ ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸಿಕೊಳ್ಳುತ್ತವೆ. ಕ್ಯಾನ್ಸರ್ ತಜ್ಞರೊಬ್ಬರಿಗೆ ಹೆಸರು ಹೇಳದೆ ಈ ಗುಣಗಳ ಪಟ್ಟಿ ಓದಿ ಹೇಳಿದರೆ ಅವರು ಇದನ್ನು ಗೆಡ್ಡೆ ಎಂದೇ ತಿಳಿದಾರು. ಸಹಜ ಬಸಿರಿನಲ್ಲಿ ಈ ಅತಿಕ್ರಮಣಕ್ಕೆ ಒಂದು ಹದವಿರುತ್ತದೆ. ಎಲ್ಲಿಯವರೆಗೆ, ಎಷ್ಟು ಆಳಕ್ಕೆ, ಯಾವಾಗ ನಿಲ್ಲಬೇಕು ಎಂಬುದು ತೀರ್ಮಾನವಾಗಿರುತ್ತದೆ. ಆ ಹದ ತಪ್ಪಿದಾಗ ಬರುವ ರೋಗಗಳ ಒಂದು ಕುಟುಂಬವೇ ಇದೆ. ಅದರ ಒಂದು ತುದಿಯಲ್ಲಿ ಮೋಲಾರ್ ಗರ್ಭ, ಇನ್ನೊಂದು ತುದಿಯಲ್ಲಿ ಕೋರಿಯೋಕಾರ್ಸಿನೋಮ ಎಂಬ ಉಗ್ರ ಕ್ಯಾನ್ಸರ್.

ಹದ ತಪ್ಪುವುದು ಯಾಕೆ? 1977ರಲ್ಲಿ ಜಪಾನಿನ ಕಾಜೀ ಮತ್ತು ಓಹಾಮಾ ಇದಕ್ಕೊಂದು ವಿಚಿತ್ರ ಉತ್ತರ ಕಂಡುಕೊಂಡರು. ಪೂರ್ಣ ಮೋಲ್ ಎಂಬ ಬಗೆಯ ಮೋಲಾರ್ ಗರ್ಭದ ವರ್ಣತಂತುಗಳನ್ನು ತಂದೆತಾಯಿಯ ವರ್ಣತಂತುಗಳ ಜೊತೆ ಹೋಲಿಸಿದಾಗ, ಅವು ಅಷ್ಟೂ ತಂದೆಯವೇ ಆಗಿದ್ದವು. ಲೆಕ್ಕಕ್ಕೆ 46 ಇವೆ, ಸರಿಯಾಗಿಯೇ ಇವೆ. ಆದರೆ ತಾಯಿಯ ಪಾಲು ಒಂದೂ ಇಲ್ಲ. ತನ್ನ ವರ್ಣತಂತುಗಳನ್ನು ಕಳೆದುಕೊಂಡ ಅಂಡಾಣುವಿನೊಳಗೆ ಒಂದು ವೀರ್ಯಾಣು ಸೇರಿ, ತನ್ನ 23 ವರ್ಣತಂತುಗಳನ್ನು ನಕಲು ಮಾಡಿಕೊಂಡು 46 ಮಾಡಿಕೊಂಡಿರುತ್ತದೆ. ಹೆಚ್ಚಿನ ಪೂರ್ಣ ಮೋಲ್‌ಗಳ ಹುಟ್ಟು ಹೀಗೆ. ಕೆಲವು ಸಲ ಎರಡು ವೀರ್ಯಾಣುಗಳು ಒಟ್ಟಿಗೆ ಸೇರಿರುತ್ತವೆ. ತಾಯಿಯದು ಎನ್ನಲು ಅಲ್ಲಿ ಉಳಿಯುವುದು ಮೈಟೊಕಾಂಡ್ರಿಯಾ ಒಂದೇ. ಭಾಗಶಃ ಮೋಲ್ ಎಂಬ ಇನ್ನೊಂದು ಬಗೆಯಲ್ಲಿ ತಾಯಿಯ ಪಾಲು ಇರುತ್ತದೆ, ಆದರೆ ಎರಡು ವೀರ್ಯಾಣು ಹೊಕ್ಕಿರುವುದರಿಂದ ಒಟ್ಟು 69 ಆಗುತ್ತದೆ. ಅಲ್ಲಿ ಭ್ರೂಣದ ಕುರುಹು ಸ್ವಲ್ಪ ಕಾಣಬಹುದು, ಆದರೆ ಬದುಕಿ ಬೆಳೆಯುವಂಥದ್ದಲ್ಲ.

46 ವರ್ಣತಂತು ಇದ್ದರೆ ಸಾಲದೆ, ಅದು ಯಾರ ಕಡೆಯಿಂದ ಬಂತು ಎಂಬುದು ಯಾಕೆ ಮುಖ್ಯ? ಇದು 1984ರಲ್ಲಿ ಇಲಿಗಳಲ್ಲಿ ಸ್ಪಷ್ಟವಾಯಿತು. ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ತಂಡ, ಅಮೆರಿಕದಲ್ಲಿ ಮೆಕ್‌ಗ್ರಾತ್ ಮತ್ತು ಸೋಲ್ಟರ್ ಫಲಿತ ಅಂಡಾಣುವಿನ ಕೋಶಕೇಂದ್ರಗಳನ್ನು ಅದಲುಬದಲು ಮಾಡಿ ನೋಡಿದರು. ಎರಡೂ ಪಾಲು ತಾಯಿಯದೇ ಆದರೆ ಭ್ರೂಣ ಸ್ವಲ್ಪ ದೂರ ಬೆಳೆಯುತ್ತಿತ್ತು, ಮಾಸು ಬಡಕಲು. ಎರಡೂ ತಂದೆಯದೇ ಆದರೆ ಮಾಸಿನ ಅಂಗಾಂಶ ಸೊಂಪು, ಭ್ರೂಣ ಕ್ಷೀಣ. ಕೆಲವು ವಂಶವಾಹಿಗಳ ಮೇಲೆ ಅವು ಯಾರಿಂದ ಬಂದವು ಎಂಬ ಗುರುತು ಬಿದ್ದಿರುತ್ತದೆ. ತಾಯಿಯಿಂದ ಬಂದರೆ ಮಾತ್ರ ಕೆಲಸ ಮಾಡುವಂಥವು ಕೆಲವು, ತಂದೆಯಿಂದ ಬಂದರೆ ಮಾತ್ರ ಎಚ್ಚರವಾಗುವಂಥವು ಕೆಲವು. ಮಾಸಿನ ಬೆಳವಣಿಗೆಗೆ ಕಡಿವಾಣ ಹಾಕುವ ಪಿ57 ಎಂಬ ಪ್ರೋಟೀನಿನ ವಂಶವಾಹಿ ತಾಯಿಯ ಕಡೆಯಿಂದ ಬಂದರೆ ಮಾತ್ರ ಕೆಲಸ ಮಾಡುವಂಥದ್ದು. ಪೂರ್ಣ ಮೋಲ್‌ನಲ್ಲಿ ಆ ಕಡಿವಾಣವೇ ಇಲ್ಲ. ಪೆಥಾಲಜಿ ಲ್ಯಾಬಿನವರು ಇಂದು ಈ ಪ್ರೋಟೀನಿಗೆ ಬಣ್ಣ ಹಾಕಿ ನೋಡಿಯೇ ಪೂರ್ಣ ಮೋಲನ್ನು ಭಾಗಶಃ ಮೋಲ್‌ನಿಂದ ಬೇರ್ಪಡಿಸುತ್ತಾರೆ.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ‘ತಂದೆಯ ವರ್ಣತಂತು’ ಎಂದ ತಕ್ಷಣ ಗಂಡನಲ್ಲಿ ದೋಷ, ‘ಖಾಲಿ ಅಂಡಾಣು’ ಎಂದ ತಕ್ಷಣ ಹೆಂಡತಿಯಲ್ಲಿ ದೋಷ ಎಂದು ಲೆಕ್ಕ ಹಾಕುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಇದು ಆ ಒಂದು ಗರ್ಭಧಾರಣೆಯಲ್ಲಿ ಆದ ಎಡವಟ್ಟು, ಅಷ್ಟೆ. ಪಪ್ಪಾಯಿ ತಿಂದದ್ದಕ್ಕೂ ಗ್ರಹಣ ನೋಡಿದ್ದಕ್ಕೂ ಭಾರ ಎತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ವಯಸ್ಸು ಮಾತ್ರ ಲೆಕ್ಕಕ್ಕೆ ಬರುತ್ತದೆ: ತೀರಾ ಚಿಕ್ಕ ವಯಸ್ಸಿನ ಬಸಿರಿನಲ್ಲೂ ನಲವತ್ತು ದಾಟಿದ ಬಸಿರಿನಲ್ಲೂ ಅಪಾಯ ಹೆಚ್ಚು. ಒಮ್ಮೆ ಆದವರಿಗೆ ಮತ್ತೆ ಆಗುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಅಕ್ಕತಂಗಿಯರಿಗೆಲ್ಲ, ಮತ್ತೆ ಮತ್ತೆ ಮೋಲ್ ಆಗುವ ಅಪರೂಪದ ಮನೆತನಗಳಿವೆ; ಅಂಥವರಲ್ಲಿ ಎನ್‌ಎಲ್‌ಆರ್‌ಪಿ7 ಎಂಬ ವಂಶವಾಹಿಯ ದೋಷವಿರುವುದು 2006ರಲ್ಲಿ ತಿಳಿಯಿತು. ಅದು ಬೇರೆಯೇ ಕಥೆ.

ಹೀಗೆ ಮಗುವಾಗದೆ ಹೋದ ಒಂದು ಗರ್ಭ ವಿಜ್ಞಾನಕ್ಕೆ ಅನಿರೀಕ್ಷಿತವಾಗಿ ಒದಗಿತು. ಮಾನವನ ಜೀನೋಮನ್ನು ಓದಿ ಮುಗಿಸಿದ್ದೇವೆ ಎಂದು 2003ರಲ್ಲಿ ಘೋಷಿಸಿದಾಗಲೂ ಸುಮಾರು ಶೇ 8ರಷ್ಟು ಭಾಗ ಓದಲಾಗದೆ ಉಳಿದಿತ್ತು. ತಂದೆಯ ಪ್ರತಿ ಮತ್ತು ತಾಯಿಯ ಪ್ರತಿ ಒಂದಕ್ಕೊಂದು ಹೋಲುತ್ತಾ, ಅಲ್ಲಲ್ಲಿ ಭಿನ್ನವಾಗುತ್ತಾ ಓದುವವರನ್ನು ಗೊಂದಲಕ್ಕೆ ಕೆಡವುತ್ತಿದ್ದವು. ಹೆಚ್ಚಿನ ಪೂರ್ಣ ಮೋಲ್‌ಗಳಲ್ಲಿ ಎರಡೂ ಪ್ರತಿ ಒಂದೇ ವೀರ್ಯಾಣುವಿನ ನಕಲು. ಸಿಎಚ್‌ಎಂ13 ಎಂಬ ಹೆಸರಿನ ಅಂಥದೊಂದು ಜೀವಕೋಶ ಸಂತತಿಯನ್ನು ಹಿಡಿದು ವಿಜ್ಞಾನಿಗಳು 2022ರಲ್ಲಿ ಮೊದಲ ಬಾರಿಗೆ ತುದಿಯಿಂದ ತುದಿಗೆ ಪೂರ್ತಿ ಮಾನವ ಜೀನೋಮನ್ನು ಪ್ರಕಟಿಸಿದರು. ವೈ ವರ್ಣತಂತು ಅದರಲ್ಲಿ ಇಲ್ಲದ ಕಾರಣ ಅದನ್ನು ಬೇರೆ ಕಡೆಯಿಂದ ಓದಿ ಮರುವರ್ಷ ಸೇರಿಸಬೇಕಾಯಿತು.

ಈ ರೋಗದ ನೆನಪು ಹಳೆಯದು. ನೀರು ತುಂಬಿದ ಗುಳ್ಳೆಗಳು ದ್ರಾಕ್ಷಿ ಗೊಂಚಲಿನಂತೆ ಹೊರಬೀಳುವುದನ್ನು ಕಂಡವರು ಸುಮ್ಮನಿರಲು ಸಾಧ್ಯವಿಲ್ಲ. ನೆದರ್ಲೆಂಡ್ಸಿನ ಲೋಸ್‌ಡೌನನ್ ಎಂಬ ಊರಿನಲ್ಲಿ, ಹೆನ್ನೆಬರ್ಗಿನ ಮಾರ್ಗರೆಟ್ ಎಂಬ ಸಿರಿವಂತೆ 1276ರಲ್ಲಿ ಒಂದೇ ಸಲಕ್ಕೆ 365 ಮಕ್ಕಳನ್ನು ಹೆತ್ತಳು ಎಂಬ ಐತಿಹ್ಯವಿದೆ. ಅದು ಮೋಲಾರ್ ಗರ್ಭವಾಗಿರಬೇಕು ಎಂದು ನಂತರದ ವೈದ್ಯರು ಊಹಿಸಿದರು. ನಮ್ಮಲ್ಲೂ ಗಾಂಧಾರಿ ಹೆತ್ತ ಮಾಂಸಪಿಂಡ, ಅದು ನೂರೊಂದು ತುಂಡಾಗಿ ತುಪ್ಪದ ಕೊಡಗಳಲ್ಲಿ ಬೆಳೆದದ್ದನ್ನು ಹೀಗೇ ಓದುವವರಿದ್ದಾರೆ. ನನಗೆ ಅಷ್ಟು ಒಪ್ಪಿಗೆಯಿಲ್ಲ. ಪುರಾಣವನ್ನು ಕೇಸ್ ಶೀಟ್ ಮಾಡಿ ಓದಿದರೆ ಪುರಾಣವೂ ಉಳಿಯುವುದಿಲ್ಲ, ರೋಗವೂ ತಿಳಿಯುವುದಿಲ್ಲ.

ಇಂದು ಗೊಂಚಲು ಹೊರಬೀಳುವವರೆಗೆ ಕಾಯುವ ಪ್ರಸಂಗ ಕಡಿಮೆ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್‌ನಲ್ಲೇ ಪೂರ್ಣ ಮೋಲ್‌ನ ಅನುಮಾನ ಬರುತ್ತದೆ. ತೀರಾ ಬೇಗ, ಏಳೆಂಟು ವಾರಕ್ಕೆ ಸ್ಕ್ಯಾನ್ ಮಾಡಿದರೆ ಗುಳ್ಳೆಗಳಿನ್ನೂ ದೊಡ್ಡದಾಗಿರುವುದಿಲ್ಲ, ಸಾಮಾನ್ಯ ಗರ್ಭಪಾತದಂತೆಯೇ ಕಾಣಬಹುದು. ಭಾಗಶಃ ಮೋಲ್ ಅಂತೂ ಎಷ್ಟೋ ಸಲ ಸ್ಕ್ಯಾನಿಗೆ ಸಿಗದೆ ಸೂಕ್ಷ್ಮದರ್ಶಕದ ಕೆಳಗೇ ಪತ್ತೆಯಾಗುವುದು. ಆದ್ದರಿಂದ ಗರ್ಭಪಾತದಲ್ಲಿ ಹೊರತೆಗೆದ ಅಂಗಾಂಶವನ್ನು ಪೆಥಾಲಜಿಗೆ ಕಳಿಸದೆ ಎಸೆಯುವ ರೂಢಿ ನನಗೆ ಸರಿ ಕಾಣುವುದಿಲ್ಲ, ಅದರಲ್ಲೂ ಭ್ರೂಣದ ಭಾಗವೇ ಕಾಣದಿದ್ದಾಗ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಂದು ಸ್ಕ್ಯಾನ್ ಇಲ್ಲದೆ ನುಂಗಿದವರಿಗೆ ಆ ಅವಕಾಶವೂ ಇರುವುದಿಲ್ಲ. ಗರ್ಭಪಾತವಾಗಿ ಮೂರು ವಾರಕ್ಕೆ ಮನೆಯಲ್ಲೇ ಒಂದು ಮೂತ್ರ ಪರೀಕ್ಷೆ ಮಾಡಿಕೊಂಡರೆ, ಇನ್ನೂ ಎರಡು ಗೆರೆ ಬಂದರೆ ವೈದ್ಯರ ಬಳಿ ಹೋದರೆ, ಬಹಳಷ್ಟು ಅನಾಹುತ ತಪ್ಪುತ್ತದೆ.

ಎಚ್‌ಸಿಜಿ ಟ್ರೋಫೋಬ್ಲಾಸ್ಟ್ ಕೋಶಗಳು ಸ್ರವಿಸುವ ಹಾರ್ಮೋನು. ಸಹಜ ಬಸಿರಿನಲ್ಲಿ ಎಂಟರಿಂದ ಹನ್ನೊಂದು ವಾರದ ಸುಮಾರಿಗೆ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಮೋಲ್‌ನಲ್ಲಿ ಅದು ಲಕ್ಷಗಳಲ್ಲಿ ಓಡಾಡುತ್ತದೆ. ವಿಪರೀತ ವಾಂತಿಗೆ ಒಂದು ಕಾರಣ ಇದೇ. ಥೈರಾಯ್ಡನ್ನು ಉದ್ದೀಪಿಸುವ ಹಾರ್ಮೋನಿಗೂ ಇದಕ್ಕೂ ರಚನೆಯಲ್ಲಿ ಹೋಲಿಕೆಯಿರುವುದರಿಂದ ಕೆಲವರಿಗೆ ಎದೆ ಡವಗುಟ್ಟುವುದು, ಕೈ ನಡುಗುವುದು, ಬೆವರುವುದು ಕಾಣುತ್ತದೆ. ಐದು ತಿಂಗಳು ತುಂಬುವ ಮೊದಲೇ ಬಿಪಿ ಏರಿದರೂ ಮೋಲ್ ನೆನಪಾಗಬೇಕು. ಒಂದು ತಮಾಷೆಯ ಸಂಗತಿಯಿದೆ: ಎಚ್‌ಸಿಜಿ ಅತಿಯಾದಾಗ ಮನೆಯ ಪರೀಕ್ಷೆಯ ಪಟ್ಟಿ ಮಂಕಾಗಿ, ಕೆಲವು ಸಲ ಬಸಿರೇ ಇಲ್ಲವೆಂದು ತೋರಿಸಿಬಿಡುತ್ತದೆ. ಪಟ್ಟಿಯಲ್ಲಿರುವ ಪ್ರತಿಕಾಯಗಳೆಲ್ಲ ಮುಳುಗಿಹೋಗಿರುತ್ತವೆ. ಮೂತ್ರಕ್ಕೆ ನೀರು ಬೆರೆಸಿ ತಿಳಿ ಮಾಡಿ ನೋಡಿದರೆ ಗೆರೆ ಮೂಡುತ್ತದೆ.

ಗರ್ಭಕೋಶವನ್ನು ಖಾಲಿ ಮಾಡುವ ಕೆಲಸ ಹೀರುಯಂತ್ರದಿಂದ ಆಗಬೇಕು, ಸಾಧ್ಯವಾದರೆ ಸ್ಕ್ಯಾನ್ ನೋಡಿಕೊಂಡು, ರಕ್ತ ಸಿದ್ಧವಿಟ್ಟುಕೊಂಡು. ಗರ್ಭಕೋಶ ಮೆತ್ತಗಿರುತ್ತದೆ, ರಕ್ತಸ್ರಾವ ಹೆಚ್ಚು. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ ಆ್ಯಂಟಿ-ಡಿ ಚುಚ್ಚುಮದ್ದು. ಮನೆಗೆ ಹೋಗುವಾಗ ಹೆಂಗಸಿಗೆ ನೋವೂ ಇಲ್ಲ, ಸ್ರಾವವೂ ನಿಂತಿದೆ. ರೋಗ ಮುಗಿದ ಹಾಗೆ ತೋರುತ್ತದೆ, ಹೆಚ್ಚಿನವರಿಗೆ ನಿಜಕ್ಕೂ ಮುಗಿದಿರುತ್ತದೆ. ಆದರೆ ಪೂರ್ಣ ಮೋಲ್ ಆದವರಲ್ಲಿ ನೂರಕ್ಕೆ ಹದಿನೈದಿಪ್ಪತ್ತು ಮಂದಿಯಲ್ಲಿ, ಭಾಗಶಃ ಮೋಲ್ ಆದವರಲ್ಲಿ ನೂರಕ್ಕೆ ಒಂದರಿಂದ ಐದರಷ್ಟು ಮಂದಿಯಲ್ಲಿ, ಗೋಡೆಯೊಳಗೆ ಹೊಕ್ಕ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಕಣ್ಣಿಗೆ ಕಾಣದ ಆ ಬೆಳವಣಿಗೆಯನ್ನು ಮೊದಲು ಹೇಳುವುದು ಎಚ್‌ಸಿಜಿ. ಆದ್ದರಿಂದಲೇ ವಾರವಾರದ ರಕ್ತ ಪರೀಕ್ಷೆ.

ಅಂಕಿ ಸತತ ಇಳಿದು ಸಹಜಕ್ಕೆ ಬಂದರೆ ಸಂತೋಷ. ಆಮೇಲೆ ಪೂರ್ಣ ಮೋಲ್ ಆದವರು ತಿಂಗಳಿಗೊಮ್ಮೆ, ಆಸ್ಪತ್ರೆಯ ಕ್ರಮಕ್ಕೆ ತಕ್ಕಂತೆ ಮೂರರಿಂದ ಆರು ತಿಂಗಳು ಪರೀಕ್ಷೆ ಮಾಡಿಸಿಕೊಳ್ಳಬೇಕು. ಭಾಗಶಃ ಮೋಲ್ ಆದವರಿಗೆ ಅಷ್ಟು ಬೇಕಿಲ್ಲ. ಮೂರು ವಾರ ಒಂದೇ ಮಟ್ಟದಲ್ಲಿ ನಿಂತರೆ, ಅಥವಾ ಎರಡು ವಾರ ಏರುತ್ತಲೇ ಹೋದರೆ, ಅದು ಇನ್ನು ಮೋಲ್ ಅಲ್ಲ, ಚಿಕಿತ್ಸೆ ಬೇಕಾದ ಗೆಡ್ಡೆ. ಈ ಅವಧಿಯಲ್ಲಿ ಮತ್ತೆ ಬಸಿರಾಗಬಾರದು ಎನ್ನುವುದಕ್ಕೆ ಕಾರಣ ಸರಳ: ಹೊಸ ಬಸಿರೂ ಎಚ್‌ಸಿಜಿ ತಯಾರಿಸುತ್ತದೆ, ಏರಿದ ಅಂಕಿ ಮಗುವಿನದೋ ಗೆಡ್ಡೆಯದೋ ತಿಳಿಯುವುದಿಲ್ಲ. ಗರ್ಭನಿರೋಧಕ ಮಾತ್ರೆ ನುಂಗಬಹುದು.

ಇಷ್ಟು ನೆಚ್ಚಬಹುದಾದ ಅಂಕಿ ಬೇರೆ ಯಾವ ಕ್ಯಾನ್ಸರಿನಲ್ಲೂ ಸಿಗುವುದು ಕಷ್ಟ. ಅದನ್ನು ನೆಚ್ಚಲು ಕಲಿತದ್ದು ಮಾತ್ರ ಸುಲಭವಾಗಿ ಅಲ್ಲ.

1950ರ ದಶಕದ ಆರಂಭದಲ್ಲಿ ಕೋರಿಯೋಕಾರ್ಸಿನೋಮ ಶ್ವಾಸಕೋಶಕ್ಕೆ ಹಬ್ಬಿತೆಂದರೆ ಬಹುತೇಕ ಎಲ್ಲರೂ ವರ್ಷದೊಳಗೆ ಸಾಯುತ್ತಿದ್ದರು. ಹರೆಯದ ಹೆಂಗಸರು, ಹಲವರು ಹಸುಗೂಸಿನ ತಾಯಂದಿರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರಾಯ್ ಹರ್ಟ್ಸ್ ಎಂಬ ಹಾರ್ಮೋನು ತಜ್ಞರಿದ್ದರು. ಕೋಳಿಮರಿಗಳ ಅಂಡನಾಳ ಬೆಳೆಯಬೇಕಾದರೆ ಫೋಲಿಕ್ ಆಮ್ಲ ಬೇಕೇ ಬೇಕು ಎಂಬುದನ್ನು ಅವರು ಮೊದಲೇ ಕಂಡುಕೊಂಡಿದ್ದರು. ಬಸಿರಿನ ಅಂಗಾಂಶಕ್ಕೆ ಫೋಲಿಕ್ ಆಮ್ಲದ ಹಸಿವು ಹೆಚ್ಚು. ಬಸುರಿಯರಿಗೆ ನಾವು ಫೋಲಿಕ್ ಮಾತ್ರೆ ಕೊಡುವುದೂ ಭ್ರೂಣದ ಆ ಅಗತ್ಯಕ್ಕೇ. ಹಾಗಾದರೆ ಫೋಲಿಕ್ ಆಮ್ಲದ ದಾರಿಗೆ ಅಡ್ಡ ನಿಲ್ಲುವ ಔಷಧ ಮಾಸಿನ ಗೆಡ್ಡೆಯನ್ನು ಒಣಗಿಸಬೇಕಲ್ಲ?

ಅಂಥ ಔಷಧ ಅಷ್ಟರಲ್ಲಿ ತಯಾರಿತ್ತು. ಅದನ್ನು ರೂಪಿಸಿದ್ದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಆನೆಕಾಲು ರೋಗ ತಡೆಯಲು ನಮ್ಮ ಊರುಗಳಲ್ಲಿ ಹಂಚುವ ಡಿಇಸಿ ಮಾತ್ರೆಯೂ ಅವರ ತಂಡದ್ದೇ. ಅವರು ಕಳಿಸಿದ ಅಮಿನಾಪ್ಟೆರಿನ್ ಹಿಡಿದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ತಾತ್ಕಾಲಿಕವಾಗಿ ಹಿಂಜರಿದದ್ದನ್ನು ವರದಿ ಮಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಅಮಿನಾಪ್ಟೆರಿನ್‌ನ ಹತ್ತಿರದ ಬಂಧು ಮೆಥೋಟ್ರೆಕ್ಸೇಟ್. ಇವತ್ತು ಸಂಧಿವಾತಕ್ಕೆ ವಾರಕ್ಕೊಂದು ದಿನ ನುಂಗುವ ಮಾತ್ರೆಯೂ ಇದೇ.

ಚೀನಾದಿಂದ ಬಂದಿದ್ದ ಯುವ ವೈದ್ಯ ಮಿನ್ ಚಿಯು ಲೀ 1955ರಲ್ಲಿ ಹರ್ಟ್ಸ್ ಜೊತೆ ಸೇರಿದರು. ಹಿಂದಿನ ಆಸ್ಪತ್ರೆಯಲ್ಲಿ, ಬೇರೊಂದು ಕ್ಯಾನ್ಸರಿನ ರೋಗಿಗೆ ಫೋಲಿಕ್ ವಿರೋಧಿ ಔಷಧ ಕೊಟ್ಟಾಗ ಮೂತ್ರದಲ್ಲಿದ್ದ ಎಚ್‌ಸಿಜಿ ಕುಸಿದದ್ದನ್ನು ಅವರು ಕಂಡಿದ್ದರು. ಶ್ವಾಸಕೋಶದೊಳಗೆ ರಕ್ತಸ್ರಾವವಾಗಿ ಸಾವಿನಂಚಿಗೆ ಬಂದಿದ್ದ ಕೋರಿಯೋಕಾರ್ಸಿನೋಮ ರೋಗಿಯೊಬ್ಬರಿಗೆ ಮೆಥೋಟ್ರೆಕ್ಸೇಟ್ ಕೊಟ್ಟರು. ಆಕೆ ಬದುಕಿದರು. ಎಕ್ಸ್‌ರೇಯಲ್ಲಿದ್ದ ಗೆಡ್ಡೆಗಳು ಒಂದೊಂದಾಗಿ ಮಾಯವಾದವು. 1956ರಲ್ಲಿ ಲೀ, ಹರ್ಟ್ಸ್ ಮತ್ತು ಸ್ಪೆನ್ಸರ್ ಇದನ್ನು ಪ್ರಕಟಿಸಿದರು. ದೇಹದ ತುಂಬ ಹಬ್ಬಿದ ಘನ ಗೆಡ್ಡೆಯೊಂದು ಬರೀ ಔಷಧದಿಂದ ಗುಣವಾದದ್ದು ಅದೇ ಮೊದಲು.

ಲೀಯವರ ನಿಜವಾದ ಹಟ ಶುರುವಾದದ್ದು ಆಮೇಲೆ. ಎಕ್ಸ್‌ರೇ ಸ್ವಚ್ಛವಾಗಿದೆ, ರೋಗಿ ಓಡಾಡಿಕೊಂಡಿದ್ದಾರೆ, ಆದರೂ ಎಚ್‌ಸಿಜಿ ಪೂರ್ತಿ ಸೊನ್ನೆಯಾಗಿಲ್ಲ. ಲೀ ಔಷಧ ನಿಲ್ಲಿಸಲು ಒಪ್ಪಲಿಲ್ಲ. ಕಾಣದ ರೋಗಕ್ಕೆ ವಿಷದಂಥ ಔಷಧ ಕೊಡುತ್ತಿದ್ದಾನೆ, ಅಂಕಿಗೆ ಚಿಕಿತ್ಸೆ ಮಾಡುತ್ತಿದ್ದಾನೆ, ಹೆಂಗಸಿಗಲ್ಲ ಎಂದು ಹಿರಿಯರು ಆಕ್ಷೇಪಿಸಿದರು. 1957ರಲ್ಲಿ ಲೀ ಆ ಸಂಸ್ಥೆ ಬಿಡಬೇಕಾಯಿತು. ಕಾಲ ಕಳೆದಂತೆ ಒಂದು ವ್ಯತ್ಯಾಸ ಎದ್ದು ಕಂಡಿತು: ಗೆಡ್ಡೆ ಕಾಣದಾದ ಕೂಡಲೇ ಔಷಧ ನಿಲ್ಲಿಸಿದವರಲ್ಲಿ ರೋಗ ಮರಳಿತು, ಎಚ್‌ಸಿಜಿ ಮುಗಿಯುವವರೆಗೆ ಪಡೆದವರಲ್ಲಿ ಮರಳಲಿಲ್ಲ. 1972ರಲ್ಲಿ ಲೀ ಮತ್ತು ಹರ್ಟ್ಸ್ ಇಬ್ಬರಿಗೂ ಲ್ಯಾಸ್ಕರ್ ಪ್ರಶಸ್ತಿ ಬಂತು. ಲೀ ಹಟ ಹಿಡಿದ ಕಾಲಕ್ಕೆ ಎಚ್‌ಸಿಜಿ ಅಳೆಯುತ್ತಿದ್ದದ್ದು ರೋಗಿಯ ಮೂತ್ರವನ್ನು ಇಲಿಗಳಿಗೆ ಚುಚ್ಚಿ ಎಂಬುದನ್ನು ನೆನೆದರೆ ಅವರ ನಂಬಿಕೆಯ ಗಟ್ಟಿತನ ತಿಳಿಯುತ್ತದೆ. ಆ ಹಾರ್ಮೋನಿನ ಬೀಟಾ ಸರಪಳಿಯನ್ನಷ್ಟೇ ಹಿಡಿದು ಅಳೆಯುವ ನಿಖರ ವಿಧಾನವನ್ನು ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಅದೇ 1972ರಲ್ಲಿ ಕೊಟ್ಟರು, ಇದೇ ರೋಗಿಗಳ ನಿಗಾಕ್ಕಾಗಿ. ಅಂಗಡಿಯಲ್ಲಿ ಇವತ್ತು ಕೊಳ್ಳುವ ಪ್ರೆಗ್ನೆನ್ಸಿ ಕಿಟ್ ಆ ಕೆಲಸದ ಕವಲು.

ಈಗಿನ ಚಿಕಿತ್ಸೆ ಒಂದು ಲೆಕ್ಕದಿಂದ ಶುರುವಾಗುತ್ತದೆ. ವಯಸ್ಸು, ಹಿಂದಿನ ಬಸಿರು ಮೋಲೋ ಗರ್ಭಪಾತವೋ ಹೆರಿಗೆಯೋ, ಅದಾಗಿ ಎಷ್ಟು ತಿಂಗಳು, ಎಚ್‌ಸಿಜಿ ಎಷ್ಟು, ಗೆಡ್ಡೆ ಎಷ್ಟು ದೊಡ್ಡದು, ಎಲ್ಲೆಲ್ಲಿ ಹಬ್ಬಿದೆ, ಎಷ್ಟು ಕಡೆ, ಮೊದಲು ಕೊಟ್ಟ ಔಷಧ ಸೋತಿದೆಯೇ ಎಂಬ ಎಂಟು ಪ್ರಶ್ನೆಗಳಿಗೆ ಅಂಕ ಹಾಕಿ ಕೂಡಿಸುತ್ತಾರೆ. (1983ರ ಪಟ್ಟಿಯಲ್ಲಿ ಗಂಡಹೆಂಡಿರ ರಕ್ತದ ಗುಂಪಿಗೂ ಅಂಕವಿತ್ತು. ಗಂಡನ ರಕ್ತ ಪರೀಕ್ಷೆ ಕೇಳಿದ ಕ್ಯಾನ್ಸರ್ ಬಹುಶಃ ಇದೊಂದೇ! ಆಮೇಲೆ ಅದನ್ನು ಕೈಬಿಟ್ಟರು.) ಮೊತ್ತ ಆರರವರೆಗೆ ಇದ್ದರೆ ಕಡಿಮೆ ಅಪಾಯ. ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್ ಚುಚ್ಚುಮದ್ದು ಒಂದು ದಿನ, ಅದರ ಪೆಟ್ಟಿನಿಂದ ದೇಹವನ್ನು ಕಾಯುವ ಫೋಲಿನಿಕ್ ಆಮ್ಲ ಮರುದಿನ, ಹೀಗೆ ಎಂಟು ದಿನ. ಎರಡು ವಾರಕ್ಕೊಮ್ಮೆ ಈ ಸುತ್ತು. ಕೂದಲು ಸಾಮಾನ್ಯವಾಗಿ ಉದುರುವುದಿಲ್ಲ, ಬಾಯಿಹುಣ್ಣು ಆಗಬಹುದು. ಅದು ಸಾಲದಾದರೆ ಆ್ಯಕ್ಟಿನೋಮೈಸಿನ್, ಇಲ್ಲವೇ ಹಲವು ಔಷಧಗಳ ಕೂಟ. ಕಡಿಮೆ ಅಪಾಯದವರಲ್ಲಿ ಗುಣವಾಗುವವರ ಪ್ರಮಾಣ ಹೆಚ್ಚುಕಡಿಮೆ ನೂರಕ್ಕೆ ನೂರು. ಮೊತ್ತ ಏಳಕ್ಕೇರಿದರೆ ಮೊದಲಿನಿಂದಲೇ ಐದು ಔಷಧಗಳ ಕೂಟ. ಅದರಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಮೂಲದ ಆ್ಯಕ್ಟಿನೋಮೈಸಿನ್ ಇದೆ, ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಇದೆ. ಪಳಗಿದ ಕೇಂದ್ರಗಳಲ್ಲಿ ಇವರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ, ಗರ್ಭಕೋಶ ಉಳಿಸಿಕೊಂಡೇ.

ಎರಡೂ ಗುಂಪಿನಲ್ಲಿ ಲೀಯವರ ಪಾಠ ಜಾರಿಯಲ್ಲಿದೆ. ಎಚ್‌ಸಿಜಿ ಸಹಜ ಮಟ್ಟಕ್ಕೆ ಇಳಿದ ಮೇಲೂ ಎರಡು ಮೂರು ಸುತ್ತು ಔಷಧ ಮುಂದುವರಿಯುತ್ತದೆ. ಪರೀಕ್ಷೆಯ ಅಳತೆಗೆ ಸಿಗದಷ್ಟು ಕಡಿಮೆ ಹಾರ್ಮೋನು ಸ್ರವಿಸುವ ಸಾವಿರಾರು ಕೋಶಗಳು ಆಗಲೂ ಉಳಿದಿರಬಹುದು.

ಅಂಕಿಯೂ ಸುಳ್ಳು ಹೇಳುವುದುಂಟು. ಕೆಲವರ ರಕ್ತದಲ್ಲಿರುವ ಪ್ರತಿಕಾಯಗಳು ಪರೀಕ್ಷೆಯ ರಾಸಾಯನಿಕಕ್ಕೇ ಅಂಟಿಕೊಂಡು ಇಲ್ಲದ ಎಚ್‌ಸಿಜಿ ತೋರಿಸುತ್ತವೆ. ಹೀಗೆ ಇಲ್ಲದ ಗೆಡ್ಡೆಗೆ ಕೀಮೋ ಪಡೆದವರು, ಗರ್ಭಕೋಶ ಕಳೆದುಕೊಂಡವರು ಇದ್ದಾರೆ. ಆ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲವಾದ್ದರಿಂದ ಮೂತ್ರದಲ್ಲೂ ಒಮ್ಮೆ ಪರೀಕ್ಷಿಸಿದರೆ ಸತ್ಯ ತಿಳಿಯುತ್ತದೆ. ಇನ್ನು, ಮಾಸು ಅಂಟಿಕೊಂಡ ಜಾಗದಲ್ಲೇ ಹುಟ್ಟುವ ಒಂದೆರಡು ಅಪರೂಪದ ಗೆಡ್ಡೆಗಳು ಎಚ್‌ಸಿಜಿ ಸ್ರವಿಸುವುದೇ ಬಹಳ ಕಡಿಮೆ, ಕೀಮೋಗೂ ಸುಲಭಕ್ಕೆ ಜಗ್ಗುವುದಿಲ್ಲ. ಅಲ್ಲಿ ಶಸ್ತ್ರಚಿಕಿತ್ಸೆಯೇ ಮುಖ್ಯ.

ಕೋರಿಯೋಕಾರ್ಸಿನೋಮ ಬರಲು ಮೋಲ್ ಆಗಿರಲೇಬೇಕೆಂದಿಲ್ಲ. ಅಂಥ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹಿಂದೆ ಮೋಲ್ ಆಗಿದ್ದರೆ, ಉಳಿದವರಿಗೆ ಸಾಮಾನ್ಯ ಗರ್ಭಪಾತವೋ ಸುಖಪ್ರಸವವೋ ಆಗಿರುತ್ತದೆ. ತೊಟ್ಟಿಲಲ್ಲಿ ಆರೋಗ್ಯವಂತ ಮಗುವಿದ್ದಾಗ ತಾಯಿಗೆ ಮಾಸಿನ ಕ್ಯಾನ್ಸರ್ ಇರಬಹುದೆಂದು ಯಾರಿಗೆ ಹೊಳೆಯುತ್ತದೆ? ಬಾಣಂತಿಗೆ ಬಿಟ್ಟು ಬಿಟ್ಟು ಸ್ರಾವ ಆಗುತ್ತಿದ್ದರೆ ಬಾಣಂತನದ ನಂಜು ಎನ್ನುತ್ತೇವೆ. ಕೆಮ್ಮಿದಾಗ ಕಫದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಟಿಬಿ ನೆನಪಾಗುತ್ತದೆ, ನೆನಪಾಗಬೇಕಾದದ್ದೇ. ಆದರೆ ಮಕ್ಕಳಾಗುವ ವಯಸ್ಸಿನ ಹೆಂಗಸಿನ ಶ್ವಾಸಕೋಶದಲ್ಲಿ ಗಂಟುಗಳು ಕಂಡರೆ, ಕಾರಣವಿಲ್ಲದೆ ಮೆದುಳಿನಲ್ಲಿ ರಕ್ತಸ್ರಾವವಾದರೆ, ಸೂಜಿ ಚುಚ್ಚಿ ಬಯಾಪ್ಸಿ ಮಾಡುವ ಮೊದಲು ಒಂದು ಎಚ್‌ಸಿಜಿ ನೋಡಿಬಿಡುವುದು ಕ್ಷೇಮ. ಈ ಗೆಡ್ಡೆಗಳಲ್ಲಿ ರಕ್ತ ತುಂಬಿ ತುಳುಕುತ್ತಿರುತ್ತದೆ, ಬಯಾಪ್ಸಿ ಮಾಡಹೋದರೆ ಪ್ರಾಣಾಪಾಯ. ಚರಿತ್ರೆ ಮತ್ತು ಎಚ್‌ಸಿಜಿ ಹೊಂದಿಕೊಂಡರೆ, ತುಣುಕು ತೆಗೆಯದೆ ಚಿಕಿತ್ಸೆ ಶುರು ಮಾಡುವ ಕೆಲವೇ ಕ್ಯಾನ್ಸರುಗಳಲ್ಲಿ ಇದೊಂದು.

ಬ್ರಿಟನ್ನಿನಲ್ಲಿ ಮೋಲ್ ಆದ ಪ್ರತಿ ಹೆಂಗಸಿನ ಹೆಸರೂ 1973ರಿಂದ ಒಂದು ನೋಂದಣಿಗೆ ಸೇರುತ್ತದೆ. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯ ಕೆನೆತ್ ಬ್ಯಾಗ್‌ಶಾ ಇದರ ಹಿಂದಿದ್ದವರು. ಲಂಡನ್, ಶೆಫೀಲ್ಡ್, ಡಂಡಿ, ಈ ಮೂರು ಕೇಂದ್ರಗಳಿಂದ ಮನೆಗೆ ಕೊಳವೆ ಬರುತ್ತದೆ, ಹೆಂಗಸರು ಮಾದರಿ ತುಂಬಿ ಅಂಚೆಗೆ ಹಾಕುತ್ತಾರೆ. ತಪ್ಪಿಸಿದರೆ ನೆನಪೋಲೆ ಬರುತ್ತದೆ. ಅಲ್ಲಿನ ಒಳ್ಳೆಯ ಫಲಿತಾಂಶಕ್ಕೆ ಔಷಧದಷ್ಟೇ ಈ ಅಂಚೆಯೂ ಕಾರಣ ಎಂದು ನನ್ನ ಅಭಿಪ್ರಾಯ. ಔಷಧ ನಮ್ಮಲ್ಲೂ ಅದೇ ಇದೆ. ಮೆಥೋಟ್ರೆಕ್ಸೇಟ್ ಹಳೆಯದು, ಅಗ್ಗದ್ದು, ಬೆಂಗಳೂರಿನ ಕಿದ್ವಾಯಿಗೆ ಬಂದು ತಲುಪಿದವರಿಗೆ ಬೇಕಾದ ಕೀಮೋ ಎಲ್ಲ ಸಿಗುತ್ತದೆ. ಇಲ್ಲದಿರುವುದು ದೇಶಕ್ಕೆಲ್ಲ ಒಂದಾದ ಅಂಥ ನೋಂದಣಿ. ಕ್ಲೀನ್ ಮಾಡಿದ ಆಸ್ಪತ್ರೆಯೊಂದು ಕಡೆ, ಲ್ಯಾಬು ತಾಲ್ಲೂಕು ಕೇಂದ್ರದಲ್ಲಿ, ವಾರಕ್ಕೊಂದು ದಿನದ ಕೂಲಿ ಬಿಡಬೇಕು, ಬಸ್ಸು ಹಿಡಿಯಬೇಕು, ಜೊತೆಗೆ ಒಬ್ಬರು ಬರಬೇಕು. ಮೂರನೆಯ ವಾರಕ್ಕೆ ಅಂಕಿ ಚೆನ್ನಾಗಿ ಇಳಿದಿದೆ ಎಂದು ತಿಳಿದರೆ ನಾಲ್ಕನೆಯ ವಾರ ಯಾರು ಹೋಗುತ್ತಾರೆ? ಬಸುರಿಯ ತಾಯಿ ಕಾರ್ಡಿನಲ್ಲಿ ಹೆರಿಗೆಗೆ, ಲಸಿಕೆಗೆ ಕಾಲಂಗಳಿವೆ; ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೇಳುತ್ತಾರೆ. ಮಗು ಉಳಿಯಲಿಲ್ಲ ಎಂದಾದ ಮೇಲೆ ಆ ಕಾರ್ಡು ಪೆಟ್ಟಿಗೆ ಸೇರುತ್ತದೆ. ಅದರಲ್ಲೇ ಎಚ್‌ಸಿಜಿ ತಾರೀಖುಗಳಿಗೆ ಒಂದು ಸಾಲು, ಆಶಾ ಅವರಿಗೆ ಅದನ್ನು ಕೇಳುವ ಒಂದು ಸೂಚನೆ ಇದ್ದಿದ್ದರೆ ಖರ್ಚೇನೂ ಹೆಚ್ಚುತ್ತಿರಲಿಲ್ಲ.

ಹರ್ಟ್ಸ್ ಮತ್ತು ಲೀ ಗೆದ್ದಾಗ ಸಂಶಯಪಟ್ಟವರ ವಾದ ಒಂದಿತ್ತು: ಈ ಗೆಡ್ಡೆಯಲ್ಲಿ ತಂದೆಯ ಅಂಶವಿದೆ, ಅರ್ಧ ಕೆಲಸವನ್ನು ತಾಯಿಯ ರೋಗನಿರೋಧಕ ಶಕ್ತಿಯೇ ಮಾಡಿರಬೇಕು. ಆ ವಾದ ಈಗ ಬೇರೆ ರೂಪದಲ್ಲಿ ಕೆಲಸಕ್ಕೆ ಬಂದಿದೆ. ಟ್ರೋಫೋಬ್ಲಾಸ್ಟ್ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತು ತಾಯಿಯ ಬಿಳಿ ರಕ್ತಕಣಗಳನ್ನು ಸುಮ್ಮನಾಗಿಸುತ್ತವೆ. ಆ ಮುಸುಕು ತೆಗೆಯುವ ಔಷಧಗಳಿವೆ. ಮೆಥೋಟ್ರೆಕ್ಸೇಟಿಗೋ ಆ್ಯಕ್ಟಿನೋಮೈಸಿನ್‌ಗೋ ಬಗ್ಗದ 15 ಮಂದಿಗೆ ಫ್ರಾನ್ಸಿನಲ್ಲಿ ಅವೆಲುಮ್ಯಾಬ್ ಕೊಟ್ಟಾಗ 8 ಮಂದಿಯ ಎಚ್‌ಸಿಜಿ ಸಹಜಕ್ಕಿಳಿಯಿತು ಎಂದು 2020ರಲ್ಲಿ ವರದಿಯಾಯಿತು; ಅವರಲ್ಲೊಬ್ಬರು ಆಮೇಲೆ ಮಗು ಹೆತ್ತರು. ಬೆಲೆ ಮಾತ್ರ ಮೆಥೋಟ್ರೆಕ್ಸೇಟ್ ಹತ್ತಿರಕ್ಕೂ ಸುಳಿಯುವಂಥದ್ದಲ್ಲ. ಕೀಮೋ ಎಲ್ಲ ಸೋತವರಿಗೆ ಈ ಬಗೆಯ ಔಷಧಗಳು ಒಂದು ದಾರಿ.

ಚಿಕಿತ್ಸೆ ಮುಗಿದವರು ಕೇಳುವ ಪ್ರಶ್ನೆ ಮಾತ್ರ ಒಂದೇ: ಮತ್ತೆ ಮಗು ಆಗುತ್ತದೆಯೇ? ಆಗುತ್ತದೆ, ಹೆಚ್ಚಿನವರಿಗೆ ತೊಂದರೆಯಿಲ್ಲದೆ ಆಗುತ್ತದೆ. ಕೀಮೋ ಪಡೆದವರು ಒಂದು ವರ್ಷ ಕಾಯಬೇಕು, ಆ ವರ್ಷದುದ್ದಕ್ಕೂ ತಿಂಗಳಿಗೊಮ್ಮೆ ಎಚ್‌ಸಿಜಿ. ಬಸಿರು ನಿಂತರೆ ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್, ಒಳಗಿರುವುದು ಮಗುವೇ ಎಂದು ಖಚಿತಪಡಿಸಿಕೊಳ್ಳಲು. ಆಮೇಲೆ ಎಲ್ಲರ ಬಸಿರಿನಂತೆಯೇ. ಹೆರಿಗೆಯಾದಾಗ ಮಾಸಿನಲ್ಲಿ ಏನಾದರೂ ಅಸಹಜ ಕಂಡರೆ ಹೂಳುವ ಮೊದಲು ಪೆಥಾಲಜಿಯವರಿಗೆ ತೋರಿಸಬೇಕು. ಮಗುವಿಗೆ ಲಸಿಕೆ ಹಾಕಿಸುವ ಆರನೆಯ ವಾರಕ್ಕೆ ಆಸ್ಪತ್ರೆಗೆ ಹೇಗೂ ಹೋಗುತ್ತೀರಿ. ಆ ದಿನವೇ ತಾಯಿಯ ರಕ್ತವನ್ನೂ ಕೊಟ್ಟು ಬರುವುದು.